ಇಲ್ಲದ ಹದಿನಾರು ಪುಟ

ನಾನೊಂದು ಪುಸ್ತಕ. ಅದರಲ್ಲೂ ಐದರಲ್ಲಿ ಮೂರನೆಯ ಸಂಪುಟ. ಮೊದಲ ಸಂಪುಟವನ್ನು ಜನ ಆಸೆಯಿಂದ ತೆರೆಯುತ್ತಾರೆ, ಕೊನೆಯದನ್ನು ಅಳುತ್ತ ಮುಚ್ಚುತ್ತಾರೆ. ನಡುವೆ ಹುಟ್ಟಿದವರ ಪಾಲಿಗೆ ಎಣ್ಣೆಗೈಯ ಗುರುತು, ಮಡಚಿದ ಮೂಲೆ. ಕನಿಕರ ಬೇಡಿ ಇದನ್ನು ಹೇಳುತ್ತಿಲ್ಲ. ಜನರ ಕನಿಕರ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ನಾನು ಚೆನ್ನಾಗಿ ನೋಡಿದ್ದೇನೆ.

ಹುಟ್ಟಿದ್ದು ಗದಗದ ಕಡೆಯ ಒಂದು ಅಚ್ಚುಕೂಟದಲ್ಲಿ. ಉದ್ದನೆಯ ಮೇಜಿನ ಮೇಲೆ ಫಾರಂಗಳ ರಾಶಿ. ಒಂದು ಫಾರಂ ಎಂದರೆ ಮಡಚಿದ ಹದಿನಾರು ಪುಟ. ಹೆಂಗಸರು ಮೇಜಿನ ಸುತ್ತ ನಡೆಯುತ್ತ ಪ್ರತಿ ರಾಶಿಯಿಂದ ಒಂದೊಂದನ್ನು ಎತ್ತಿ ಜೋಡಿಸಿದರೆ ಒಂದು ಪುಸ್ತಕ. ನನ್ನನ್ನು ಜೋಡಿಸುತ್ತಿದ್ದಾಕೆ ಒಂಬತ್ತನೆಯ ರಾಶಿಯ ಹತ್ತಿರ ಬಂದಾಗ ಪಕ್ಕದವಳು, ಮಗುವಿನ ಜ್ವರ ಇಳಿಯಿತೇ ಎಂದು ಕೇಳಿದಳು. ಈಕೆ ನಿಂತು ಉತ್ತರ ಹೇಳಿದಳು, ಮರೆತು ಒಂಬತ್ತನೆಯದನ್ನೇ ಮತ್ತೊಮ್ಮೆ ಎತ್ತಿದಳು, ಹತ್ತನೆಯದನ್ನು ದಾಟಿ ಮುಂದೆ ಹೋದಳು. ಹೀಗೆ ನನ್ನ ಹೊಟ್ಟೆಯಲ್ಲಿ ಒಂದೇ ಹದಿನಾರು ಪುಟ ಎರಡು ಸಲ ಇವೆ, ಇರಬೇಕಾದ ಹದಿನಾರು ಪುಟ ಇಲ್ಲ. ವಾಕ್ಯದ ನಡುವೆ ಕಡಿದಿದ್ದರೆ ಯಾರಾದರೂ ಬೊಬ್ಬೆ ಹಾಕುತ್ತಿದ್ದರು. ನನ್ನ ದುರದೃಷ್ಟಕ್ಕೆ ಹೋದದ್ದು ಸರಿಯಾಗಿ ಒಂದು ಅಧ್ಯಾಯ. ಅಧ್ಯಾಯಗಳಿಗೆ ಅಂಕಿಯೂ ಇರಲಿಲ್ಲ, ಒಂದು ಹೂವಿನ ಚಿತ್ರ ಅಷ್ಟೆ.

ಕಾದಂಬರಿಯ ಹೆಸರು 'ನಂಜಿನ ಕಿರೀಟ'. ಅಸಿತವರ್ಮ ಎಂಬ ರಾಜಕುಮಾರ. ಅವನ ವಂಶದ ಕಿರೀಟ ತೊಟ್ಟವನ ಮೈಗೆ ವಿಷ ಏರುತ್ತದೆ, ಬರಿಗೈಯಲ್ಲಿ ಯಾರನ್ನು ಮುಟ್ಟಿದರೂ ಅವರು ಸಾಯುತ್ತಾರೆ. ಆದ್ದರಿಂದ ಅವನು ಸದಾ ಕೈಗವಸು ಹಾಕಿಕೊಂಡು ಇರಾವತಿಯನ್ನು ಪ್ರೀತಿಸುತ್ತಾನೆ. ಅಣ್ಣನ ಊರನ್ನು ಸುಟ್ಟವನು ಅವನೇ, ರೆಕ್ಕೆ ಮುರಿದ ಪಾರಿವಾಳಕ್ಕೆ ಕೈಗವಸಿನ ಬೊಗಸೆಯಲ್ಲಿ ನೀರು ಕುಡಿಸುವವನೂ ಅವನೇ. ಇಷ್ಟು ಸಾಕಲ್ಲ. ಓದಿದ ಹೆಣ್ಣುಮಕ್ಕಳು ಊಟ ಬಿಟ್ಟರು.

ಹತ್ತನೆಯ ರಾಶಿಯಲ್ಲಿ ನಾನು ಕಣ್ಣಾರೆ ಕಂಡಿದ್ದ, ಆದರೆ ನನ್ನೊಳಗೆ ಬಾರದ ಅಧ್ಯಾಯದಲ್ಲಿ ಈ ಮಹಾಶಯ, ಇರಾವತಿಯ ಜೀವ ಉಳಿಸಿಕೊಳ್ಳಲು ಶತ್ರುಗಳೊಂದಿಗೆ ಒಪ್ಪಂದ ಮಾಡಿಕೊಂಡು, ಕೋಟೆಯ ಬಡಗಣ ಬಾಗಿಲನ್ನು ತಾನೇ ತೆರೆಯುತ್ತಾನೆ. ಊರಿಗೆ ಊರೇ ಹತವಾಗುತ್ತದೆ, ಇರಾವತಿಯ ಪುಟ್ಟ ತಮ್ಮನೂ ಸೇರಿ. ಮುಂದಿನ ಅಧ್ಯಾಯದಲ್ಲಿ ಬೆಳಗಾಗುತ್ತದೆ. ಬಾಗಿಲು ಕಾಯುವ ಮುದುಕನ ಮೇಲೆ ತಪ್ಪು ಹೊರಿಸಿ ಅವನನ್ನು ಗಲ್ಲಿಗೆ ಹಾಕುತ್ತಾರೆ. ಅಸಿತವರ್ಮ ಗುಂಪಿನಲ್ಲಿ ನಿಂತು ಮೌನವಾಗಿ ನೋಡುತ್ತಾನೆ. ನನ್ನನ್ನು ಓದಿದವರಿಗೆ ಈ ಬೆಳಗಾದದ್ದು ಮಾತ್ರ ಗೊತ್ತು. ಮುದುಕ ನಿದ್ದೆ ಹೋಗಿದ್ದನೆಂದೂ, ರಾಜಕುಮಾರ ದುಃಖದಿಂದ ಮೌನವಾಗಿದ್ದನೆಂದೂ ಅವರು ತಿಳಿದರು. ಇರಾವತಿಗೆ ನಿಜ ಕೊನೆಯವರೆಗೂ ತಿಳಿಯುವುದಿಲ್ಲ, ಹಾಗಾಗಿ ಮುಂದಿನ ಸಂಪುಟಗಳೂ ಬಾಯಿ ಬಿಡಲಿಲ್ಲ. 'ಆ ರಾತ್ರಿ' ಎಂದು ಅವನು ಆಗಾಗ ನಡುಗುತ್ತಾನೆ. ನನ್ನ ಓದುಗರು ಅದನ್ನು ಬೇರೆ ಯಾವುದೋ ರಾತ್ರಿ ಎಂದುಕೊಂಡು ಕೆನ್ನೆ ಕೆಂಪು ಮಾಡಿಕೊಂಡರು.

ನನ್ನನ್ನು ಕೊಂಡವರು ದಾವಣಗೆರೆಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದ ಈಶ್ವರಯ್ಯನವರು. ರಟ್ಟು ಹಾಕಿ, ದಬ್ಬಳದಲ್ಲಿ ತೂತು ಕೊರೆದು, ದಪ್ಪ ದಾರದಲ್ಲಿ ಹೊಲಿದು ನನ್ನನ್ನು ಹೆಂಗಸರ ಲೋಕಕ್ಕೆ ಬಿಟ್ಟರು. ಬಂದವರೆಲ್ಲ ಎರಡು ಸಲ ಬಂದ ಪುಟಗಳಿಗೆ ಲೊಚಗುಟ್ಟಿ, ಹೊಸ ಪುಟ ಸಿಗುವವರೆಗೆ ಮಗುಚಿ, ಓಡಿದರು. ಪುಟಸಂಖ್ಯೆ ನೋಡುವ ತಾಳ್ಮೆ ಪ್ರೇಮಿಗಳಿಗೆ ಇರುವುದಿಲ್ಲ.

ಹಾಗೆ ಓಡಿದವರಲ್ಲಿ ಮತ್ತೆ ಮತ್ತೆ ಹಿಂದಿರುಗಿ ಬಂದವಳು ಸರ್ವಮಂಗಳ. ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ. ನನ್ನನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು, ಅದಕ್ಕೇ ನನಗೆ ಇಂದಿಗೂ ಒಗ್ಗರಣೆಯ ವಾಸನೆ. ಗಿಳಿಹಸಿರು ಸೀರೆ ಹರಡಿದರೆ "ಇದು ಇರಾವತಿ ಬಣ್ಣ" ಎನ್ನುತ್ತಿದ್ದಳು, ಗಿರಾಕಿಗಳು ಅದೇನೋ ಹೊಸ ಕಂಪನಿ ಎಂದುಕೊಳ್ಳುತ್ತಿದ್ದರು. ಅಸಿತವರ್ಮ ಮಾತಾಡಿದ ಸಾಲುಗಳ ಕೆಳಗೆಲ್ಲ ಪೆನ್ಸಿಲಿನ ಗೆರೆ. ಅವಳ ಬೆರಳು ಆ ಸಾಲುಗಳ ಮೇಲೆ ಓಡುವಾಗ ನನಗೂ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳ ಜೊತೆಗಾರ್ತಿ ಪಂಕಜಾಕ್ಷಿ ದಿನವೂ ಹರಿಹರದಿಂದ ರೈಲಿನಲ್ಲಿ ಬರುತ್ತಿದ್ದಳು. ಅದೇ ಕಾದಂಬರಿಯನ್ನು ಅವಳು ತನ್ನೂರಿನ ಲೈಬ್ರರಿಯಿಂದ ತಂದು ಓದುತ್ತಿದ್ದಳು. ಮಧ್ಯಾಹ್ನ ಉಗ್ರಾಣದಲ್ಲಿ ಸೀರೆಯ ಗಂಟುಗಳ ನಡುವೆ ಇಬ್ಬರೂ ಡಬ್ಬಿ ಬಿಚ್ಚಿ ಕೂತರೆ ಊಟಕ್ಕಿಂತ ವಾದವೇ ಹೆಚ್ಚು.

"ಅವನು ಕೆಟ್ಟೋನಲ್ಲ ಪಂಕಜಾ. ಪ್ರೀತಿ ಮಾಡೋದನ್ನ ಅವನಿಗೆ ಯಾರೂ ಕಲಿಸಿಲ್ಲ ಅಷ್ಟೆ."

"ಕಲಿಸಿಲ್ಲ ಅಂತ ಊರು ಸುಡ್ತಾರೇನೇ? ನಮ್ಮಪ್ಪಗೂ ಯಾರೂ ಕಲಿಸಿಲ್ಲ. ಅವರೇನು ಹರಿಹರ ಸುಟ್ಟಾರಾ?"

ನಗುತ್ತಿದ್ದರು. ನನ್ನ ಬದುಕಿನ ಒಳ್ಳೆಯ ದಿನಗಳು ಅವೇ.

ಅಂಗಡಿಯ ಮ್ಯಾನೇಜರ್ ಉಮಾಪತಿ. ಎಲ್ಲರ ಮೇಲೂ ಸಿಡುಕುವ ಮನುಷ್ಯ, ನಗುವುದು ಅಪರೂಪ. ನಗದ ಗಂಡಸಿನ ಒಳಗೆ ಏನೋ ದೊಡ್ಡ ಗಾಯವಿರುತ್ತದೆ ಎಂದು ಸರ್ವಮಂಗಳೆಗೆ ನಾವು ಐದೂ ಸಂಪುಟಗಳು ಸೇರಿ ಕಲಿಸಿದ್ದೆವು. ಅವನಿಗೆ ಇದ್ದದ್ದು ಅಜೀರ್ಣ. ಬಾಗಿಲಲ್ಲಿ ನಿಲ್ಲುವವನು ದುರುಗಪ್ಪ, ವಯಸ್ಸಾದವನು. ಈ ಹುಡುಗಿಯರ ಚಪ್ಪಲಿ ಬಿಸಿಲಿಗೆ ಕಾಯದಂತೆ ನೆರಳಿಗೆ ಸರಿಸಿಡುತ್ತಿದ್ದ. ಮುಂಬಾಗಿಲಿನ ಬೀಗ ದುರುಗಪ್ಪನ ಜವಾಬ್ದಾರಿ, ಹಿಂದಿನ ಷಟರಿನ ಬೀಗ ಉಮಾಪತಿಯದು. ಹಾಗೆಂದು ಸಾವ್ಕಾರರೇ ಹಂಚಿಕೊಟ್ಟಿದ್ದರು.

ಒಂದು ಮಧ್ಯಾಹ್ನ ಸರ್ವಮಂಗಳ ಉಗ್ರಾಣದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ಉಮಾಪತಿ ಮ್ಯಾಟಿನಿಗೆಂದು ಅಲ್ಲಿಯ ಹಿಂಬಾಗಿಲಿನಿಂದ ಹೊರಟ. ಷಟರ್ ಎಳೆದ, ಬೀಗ ಹಾಕಲಿಲ್ಲ. ಅವಳು ತಲೆಯೆತ್ತಿ, ಷಟರಿನ ಸಂದಿಯಿಂದ, ಹೊರಗಿನ ಕೊಂಡಿಯಲ್ಲಿ ಬಾಯ್ತೆರೆದು ತೂಗುತ್ತಿದ್ದ ಬೀಗವನ್ನು ನೋಡಿದಳು. ನಾನೂ ನೋಡಿದೆ. ಅಷ್ಟರಲ್ಲಿ ಗಿರಾಕಿ ಬಂದರೆಂದು ಮುಂದೆ ಕರೆದರು. ಸಂಜೆ ನೋಡಿದರೆ ಯಾರದೋ ಮದುವೆಗೆಂದು ಕಟ್ಟಿಟ್ಟಿದ್ದ ರೇಷ್ಮೆ ಸೀರೆಗಳ ಇಡೀ ಗಂಟು ಮಾಯ.

ಮರುದಿನ ಬೆಳಿಗ್ಗೆ ಉಮಾಪತಿ ಉಗ್ರಾಣಕ್ಕೆ ಬಂದ. "ನೀವು ನೋಡಿದ್ರಿ ಅಂತ ಗೊತ್ತು ಮಂಗಳಾ. ನಾನು ಬೀಗ ಹಾಕೇ ಹೋದೆ ಅಂತ ಸಾವ್ಕಾರ್ರಿಗೆ ಹೇಳೀನಿ. ನನ್ನ ಜೀವ ಈಗ ನಿಮ್ಮ ಕೈಯಾಗೈತಿ" ಎಂದ. ಕಣ್ಣಲ್ಲಿ ನೀರು ತುಂಬಿಕೊಂಡ. ಅವಳು ನನ್ನನ್ನು ಎದೆಗೆ ಒತ್ತಿಕೊಂಡಿದ್ದಳು. ಆ ಎದೆಯ ಬಡಿತ ನನಗೆ ಚೆನ್ನಾಗಿ ಗೊತ್ತು, ಮೊದಲ ಸಲ ಅಸಿತವರ್ಮ ಅತ್ತ ಪುಟದಲ್ಲಿಯೂ ಹೀಗೇ ಬಡಿದಿತ್ತು. ಅಲ್ಲಿಗೆ ದುರುಗಪ್ಪನ ಕಥೆ ಮುಗಿಯಿತು ಎಂದುಕೊಂಡೆ.

ಊಟದ ಹೊತ್ತಿಗೆ ಅವಳು ಪಂಕಜಾಕ್ಷಿಗೆ ಎಲ್ಲವನ್ನೂ ಹೇಳಿದಳು, ಗುಟ್ಟು ಹಂಚಿಕೊಳ್ಳುವ ಸಂಭ್ರಮದಲ್ಲಿ.

"ಹೋಗಿ ಸಾವ್ಕಾರ್ರಿಗೆ ಹೇಳು" ಎಂದಳು ಪಂಕಜಾಕ್ಷಿ. "ನೋಡಿದೋಳು ನೀನು. ನೀನು ಹೇಳಿದ್ರೇ ನಂಬೋದು. ಇಲ್ಲಾಂದ್ರೆ ಮುದುಕಪ್ಪನ್ನ ಕಳಿಸ್ತಾರೆ."

"ಅವರು ಎಷ್ಟು ಅತ್ರು ಗೊತ್ತಾ? ಥೇಟ್ ಅಸಿತವರ್ಮನ ಹಂಗೆ."

"ಅದು ಮಾತ್ರ ಖರೆ. ಬಾಗಿಲು ತೆಗೆದೋನು ತಾನು, ಗಲ್ಲಿಗೆ ಹೋಗೋನು ಕಾವಲುಗಾರ."

"ಅಸಿತವರ್ಮ ಯಾವಾಗ ಬಾಗಿಲು ತೆಗೆದ?"

"ಮೂರನೇ ಸಂಪುಟದಾಗೆ. ಅಧ್ಯಾಯಕ್ಕೆ ಅಧ್ಯಾಯನೇ ಅದೈತಲ್ಲೇ."

ಸರ್ವಮಂಗಳ ನನ್ನನ್ನು ಎತ್ತಿ ಅವಳ ಮುಂದೆ ಇಟ್ಟಳು. "ಎಲ್ಲೈತೆ ತೋರಿಸು. ಬಾಯಿಪಾಠ ಬರುತ್ತೆ ನನಗೆ."

ಪಂಕಜಾಕ್ಷಿ ನನ್ನನ್ನು ಮಗುಚಿ ಹಾಕಿದಳು, ಮತ್ತೆ ಮಗುಚಿದಳು. ನನಗೆ ಬಾಯಿ ಇದ್ದಿದ್ದರೆ ಅಂದು ಅರಚಿಕೊಳ್ಳುತ್ತಿದ್ದೆ. ಸಿಗಲಿಲ್ಲ. "ನಾಳೆ ನಂದು ತರ್ತೀನಿ ತಡಿ" ಎಂದಳು.

"ತರಬೇಡ. ಇಲ್ಲದ್ದನ್ನ ಹುಟ್ಟಿಸಿ ಹೇಳ್ತಿದೀಯಾ. ಅವರ ಮೇಲೆ ನಿನಗೇ ಕಣ್ಣು, ಅದಕ್ಕೇ ಹೊಟ್ಟೆಕಿಚ್ಚು."

ಪಂಕಜಾಕ್ಷಿ ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ರೊಟ್ಟಿ ಒಳಗೇ ಉಳಿದಿತ್ತು. ಮರುದಿನ ಅವಳು ಪುಸ್ತಕ ತರಲಿಲ್ಲ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಏನಾದರೂ ಕಳೆದುಹೋದರೆ ಕೆಲಸದವರೆಲ್ಲ ಒಬ್ಬೊಬ್ಬರಾಗಿ ಗಲ್ಲಾಪೆಟ್ಟಿಗೆಯನ್ನು ಮುಟ್ಟಿ ತಮಗೆ ಗೊತ್ತಿದ್ದದ್ದನ್ನು ಹೇಳಬೇಕು. ಲಕ್ಷ್ಮಿ ಕೂರುವ ಜಾಗ, ಅದನ್ನು ಮುಟ್ಟಿ ಸುಳ್ಳು ಹೇಳಿದರೆ ಉಣ್ಣುವ ಅನ್ನ ಹತ್ತುವುದಿಲ್ಲ ಎಂಬ ಭಯ. ಪಂಕಜಾಕ್ಷಿ ಗಲ್ಲಾ ಮುಟ್ಟಿ, "ಹಿಂದಿನ ಬೀಗ ಹಾಕಿರಲಿಲ್ಲ ಅಂತ ನನ್ನ ಮುಂದೆ ಒಬ್ಬರು ಹೇಳ್ಯಾರೆ. ನೋಡಿದೋರೇ ಹೇಳ್ಲಿ" ಎಂದು ಸರಿದು ನಿಂತಳು. ಸರ್ವಮಂಗಳೆಯ ಸರದಿ. ಹೆಗಲ ಚೀಲದಲ್ಲಿ ನಾನಿದ್ದೆ. ದುರುಗಪ್ಪ ಅವಳನ್ನೇ ನೋಡುತ್ತಿದ್ದ.

"ನಾನು ಜಗ್ಗಿ ನೋಡೀನಿ ತಂಗಿ, ಮುಂದಿನ ಬೀಗ" ಎಂದ. "ಹಿಂದಿನದು ನಂದಲ್ಲ. ನಿಮಗೆ ಗೊತ್ತೈತಲ್ಲವ್ವಾ."

ಅವಳು ಗಲ್ಲಾ ಮುಟ್ಟಿದಳು. "ಬೀಗ ಹಾಕಿತ್ತು" ಎಂದಳು.

ದುರುಗಪ್ಪನನ್ನು ಅಂದೇ ಕಳಿಸಿದರು. ಮುಂಬಾಗಿಲಿನಿಂದಲೇ ಗಂಟು ಹೋಗಿರಬೇಕು, ಮುದುಕನಿಗೆ ಜೊಂಪು ಹತ್ತಿರಬೇಕು ಎಂದು ತೀರ್ಮಾನವಾಯಿತು. ಹೋಗುವಾಗ ಅವನು ಅಭ್ಯಾಸದಂತೆ ಬಿಸಿಲಿನಲ್ಲಿದ್ದ ಚಪ್ಪಲಿಗಳನ್ನು ನೆರಳಿಗೆ ಸರಿಸಿ ಹೋದ. ಅವುಗಳಲ್ಲಿ ಸರ್ವಮಂಗಳೆಯದೂ ಇದ್ದವು.

ಮುಂದೆ ಪಂಕಜಾಕ್ಷಿ ಕೆಲಸ ಬಿಟ್ಟಳು, ಸರ್ವಮಂಗಳ ಉಮಾಪತಿಯನ್ನು ಮದುವೆಯಾದಳು. ಈಶ್ವರಯ್ಯನವರು ನಮ್ಮನ್ನು ಐದೂ ಜನರನ್ನು ಅವಳಿಗೆ ಉಡುಗೊರೆ ಕೊಟ್ಟರು, "ಹೆಂಗೂ ನಿಮ್ಮ ಮನೇಲೇ ಇರ್ತಿದ್ವಲ್ಲ" ಎಂದು. ಹಾಗೆ ನಾನು ಅವಳ ಸಂಸಾರವನ್ನು ಗೋಡೆಗೂಡಿನಿಂದ ನೋಡಿದೆ. ಸಾರು ಹಳಸಿದರೆ ಅವಳ ತಪ್ಪು, ಮಳೆಗೆ ಬಟ್ಟೆ ನೆನೆದರೆ ಅವಳ ತಪ್ಪು, ಮಕ್ಕಳಾಗದ್ದಕ್ಕಂತೂ ಕೇಳುವುದೇ ಬೇಡ. ಅವನು ಬೈದು ಮಲಗಿದ ಮೇಲೆ ಅವಳು ನನ್ನನ್ನು ತೆಗೆದು, ಪಾರಿವಾಳಕ್ಕೆ ನೀರು ಕುಡಿಸುವ ಪುಟವನ್ನು ಓದುತ್ತಿದ್ದಳು. ಪಾರಿವಾಳಕ್ಕೆ ನೀರು ಕುಡಿಸುವವನು ನಮಗೂ ಒಂದು ದಿನ ಕುಡಿಸಿಯಾನು ಎಂಬ ಆಸೆ. ನನ್ನನ್ನು ಹರಿದು ಒಲೆಗೆ ಹಾಕಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

ಕೆಲವು ವರ್ಷಗಳ ಮೇಲೆ, ಅವಳು ಇನ್ನೂ ಕೆಲಸಕ್ಕೆ ಹೋಗುತ್ತಿದ್ದ ಅದೇ ಅಂಗಡಿಯಲ್ಲಿ ಮತ್ತೆ ಒಂದು ಗಂಟು ಕಳೆಯಿತು. ಈ ಸಲ ಉಮಾಪತಿಯೇ ಅದನ್ನು ಮಾರಿಕೊಂಡಿದ್ದ. ಸಾವ್ಕಾರರು ಎಲ್ಲರನ್ನೂ ಗಲ್ಲಾ ಮುಟ್ಟಿಸಿದರು. ಅವನು ಅದರ ಮೇಲೆ ಕೈಯಿಟ್ಟು, "ನನ್ನ ಹೆಂಡ್ತಿ ಕೆಲಸ ಇದು. ಮನೆ ಮರ್ಯಾದೆ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ" ಎಂದನಂತೆ. ಕಣ್ಣಲ್ಲಿ ನೀರು ಕೂಡ ತಂದುಕೊಂಡನಂತೆ. ಅವಳು ಅಂದು ಮನೆಗೆ ಬಂದು ಗೋಡೆಗೆ ಒರಗಿ ಕೂತಳು, ದೀಪವನ್ನೂ ಹಚ್ಚಲಿಲ್ಲ. ಅವನು ಹುಬ್ಬಳ್ಳಿಯ ಇನ್ನೊಂದು ಅಂಗಡಿ, ಇನ್ನೊಂದು ಸಂಸಾರ ನೋಡಿಕೊಂಡ. ಕಳ್ಳಿ ಎನ್ನಿಸಿಕೊಂಡವಳಿಗೆ ಯಾವ ಸೀರೆ ಅಂಗಡಿಯೂ ಬಾಗಿಲು ತೆರೆಯಲಿಲ್ಲ. ಸೀರೆಗೆ ಫಾಲ್ಸ್ ಹೊಲಿದು ಒಂದೇ ಕೋಣೆಯಲ್ಲಿ ಮುದುಕಿಯಾದಳು.

ಹೋದ ವರ್ಷ ಪಂಕಜಾಕ್ಷಿ ಅವಳನ್ನು ಹುಡುಕಿಕೊಂಡು ಬಂದಳು. ಕೂದಲು ಪೂರ್ತಿ ಬೆಳ್ಳಗೆ. ಹರಿಹರದ ಲೈಬ್ರರಿ ಮುಚ್ಚುವಾಗ ಕೊಂಡಿಟ್ಟಿದ್ದ ತನ್ನ ಮೂರನೆಯ ಸಂಪುಟವನ್ನು ಚೀಲದಿಂದ ತೆಗೆದು ಮುಂದಿಟ್ಟಳು. "ಅವತ್ತೇ ತರಬೇಕಿತ್ತು. ಸಿಟ್ಟು ಮಾಡ್ಕೊಂಡೆ. ಈಗಾದ್ರೂ ಓದು" ಎಂದಳು. ಮೊದಲ ಸಲ ನಾನು ನನ್ನ ಪೂರ್ಣ ರೂಪವನ್ನು ಪಕ್ಕದಲ್ಲೇ ಕಂಡೆ. ನೂರ ನಲವತ್ತೈದರಿಂದ ನೂರ ಅರವತ್ತು. ಇಷ್ಟೇ ಇಷ್ಟು ದಪ್ಪ.

ಸರ್ವಮಂಗಳ ಕನ್ನಡಕ ಹಾಕಿಕೊಂಡು ಓದಿದಳು. ನಾನು ಕಾದೆ. ಇಡೀ ಬದುಕು ಕಾದದ್ದು ಇದಕ್ಕೇ. ಇವಳು ಈಗ ಎದೆ ಬಡಿದುಕೊಳ್ಳುತ್ತಾಳೆ, ಆ ಪುಟಗಳು ಅಂದೇ ಇದ್ದಿದ್ದರೆ ಎನ್ನುತ್ತಾಳೆ, ದುರುಗಪ್ಪನ ಹೆಸರು ಹೇಳುತ್ತಾಳೆ.

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಪಾಪ" ಎಂದಳು. "ಬಾಗಿಲು ತೆಗೆಯುವಾಗ ಅವನ ಕೈ ಎಷ್ಟು ನಡುಗಿತಂತೆ ನೋಡೇ. ಒಬ್ಬನೇ ಹೊಟ್ಟೆಯಲ್ಲಿ ಇಟ್ಕೊಂಡು ಎಷ್ಟು ಸಂಕಟಪಟ್ಟಿರಬೇಕು."

ಪಂಕಜಾಕ್ಷಿ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟಳು. "ಮತ್ತೆ ಬಾಗಿಲು ಕಾಯೋನು?"

"ಅವನದು ಸಣ್ಣ ಪಾತ್ರ ಅಲ್ಲೇನೆ. ಹೆಸರು ಕೂಡ ಬರೆದಿಲ್ಲ."

"ನಿನ್ನ ಗಂಡ ಗಲ್ಲಾ ಮುಟ್ಟಿದಾಗ ನಿಂದೂ ಸಣ್ಣ ಪಾತ್ರನೇ ಆಗಿತ್ತು ಮಂಗಳಾ" ಎಂದು ಹೇಳಿ ಪಂಕಜಾಕ್ಷಿ ಎದ್ದಳು. ಚಹಾ ಆರುತ್ತ ಅಲ್ಲೇ ಉಳಿಯಿತು. ಪುಸ್ತಕವನ್ನು ವಾಪಸ್ ಒಯ್ಯಲಿಲ್ಲ.

ಮುಂದಿನ ವಾರ ರದ್ದಿಯವನು ಕೂಗಿಕೊಂಡು ಬಂದಾಗ ಸರ್ವಮಂಗಳ ಗೂಡಿನಿಂದ ನನ್ನನ್ನು ತೆಗೆದಳು. "ಇದರಲ್ಲಿ ಪುಟ ಇಲ್ಲಪ್ಪ, ಪೂರ್ತಿ ಇರೋದು ಸಿಕ್ಕಿದೆ" ಎಂದು ಅವನ ಕೈಗೆ ಹಾಕಿದಳು. ಅವಳ ಪೆನ್ಸಿಲಿನ ಗೆರೆಗಳೆಲ್ಲ ನನ್ನಲ್ಲೇ ಇದ್ದವು. ತಿರುಗಿಯೂ ನೋಡಲಿಲ್ಲ.

ಈಗ ನಾನು ಬಸ್‌ಸ್ಟ್ಯಾಂಡಿನ ಎದುರು ಕಡಲೆ ಹುರಿಯುವವಳ ಗಾಡಿಯ ಮೇಲಿದ್ದೇನೆ. ಒಂದೊಂದೇ ಹಾಳೆ ಪೊಟ್ಟಣವಾಗಿ ಹೋಗುತ್ತಿದೆ. ಹದಿನಾರು ಪುಟ ಇಲ್ಲದ್ದರಿಂದ ಮೂವರ ಬದುಕು ಹಾಳಾಯಿತು ಎಂದು ಇಷ್ಟು ವರ್ಷ ಕೊರಗಿದೆ. ಆ ಕೊರಗೂ ದಂಡ. ಇದ್ದಿದ್ದರೂ ಅವಳು ಅವುಗಳ ಕೆಳಗೆ ಪೆನ್ಸಿಲಿನ ಗೆರೆ ಎಳೆಯುತ್ತಿದ್ದಳು, ಅಷ್ಟೆ.

ಈ ಬೆಳಿಗ್ಗೆ ಹೋದದ್ದು ಗಲ್ಲಿನ ಪುಟ. ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ಕಡಲೆ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದತೊಡಗಿದಳು. ಬಾಗಿಲು ತೆರೆದವರು ಯಾರೆಂದು ಅದರಲ್ಲಿ ಇಲ್ಲ. ಅವಳು ಕೊನೆಯ ಸಾಲಿನವರೆಗೂ ಓದಿದಳು, ಗುಂಪಿನಲ್ಲಿ ಮೌನವಾಗಿ ನಿಂತ ರಾಜಕುಮಾರನಿಗಾಗಿ ಲೊಚಗುಟ್ಟಿದಳು, ಹಾಳೆಯನ್ನು ಉಂಡೆ ಮಾಡಿ ಎಸೆದು ಬಸ್ಸು ಹತ್ತಿದಳು.