ಚಾವಣಿ ಕೂರದ ಕಾರು

ಮನೆಯವರು ಅವಳನ್ನು ಸುತ್ತಿಗೆ ಎಂದು ಕರೆಯುತ್ತಿದ್ದರು. ಕಾರಿನ ಬಾಡಿ ಕೆಲಸದ ಶೆಡ್ಡಿನಲ್ಲೇ ಬೆಳೆದವಳಿಗೆ ಅದು ಬೈಗುಳವಲ್ಲ, ಬಿರುದು. ನಜ್ಜುಗುಜ್ಜಾದ ಯಾವ ಬಾಗಿಲನ್ನು ತಂದು ಮುಂದಿಟ್ಟರೂ "ಆಗತ್ತೆ" ಎಂದು ಮೊದಲು ಹೇಳಿ, ಹೇಗೆ ಎಂಬುದನ್ನು ಆಮೇಲೆ ಯೋಚಿಸುವ ಜಾಯಮಾನ ಅವಳದು.

ಅಂಥವಳ ಮುಂದೆ ಹಲ್ಲಿನ ಡಾಕ್ಟರು ತಮ್ಮ ಕಾರನ್ನು ತಂದು ನಿಲ್ಲಿಸಿದರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಗಾಡಿ. ತಲೆಯ ಮೇಲಿನ ಚಾವಣಿಯನ್ನು ಕಳಚಿ ಡಿಕ್ಕಿಯಲ್ಲಿಟ್ಟು ಆಕಾಶ ನೋಡುತ್ತ ಹೋಗಬಹುದು. ಆಕಾಶವೇನೋ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಚಾವಣಿ ತೆಗೆದು ಹಳ್ಳಕೊಳ್ಳದ ರಸ್ತೆಗೆ ಇಳಿದರೆ ಇಡೀ ಮೈ ನಡುಗುತ್ತಿತ್ತು, ಬಾಗಿಲುಗಳು ಕಿರುಗುಟ್ಟುತ್ತಿದ್ದವು, ಮುಂದಿನ ಗಾಜು ಆಗಲೇ ಎರಡು ಸಲ ಸೀಳಿತ್ತು. ಬೇರೆ ಗ್ಯಾರೇಜಿನವರು ಎರಡು ಸಲವೂ ಗಾಜನ್ನೇ ಬೈದು, ಗಾಜನ್ನೇ ಬದಲಿಸಿ ಕಳಿಸಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸುತ್ತಿಗೆ ಹಿಂದಿನ ಒಂದು ಮೂಲೆಗೆ ಮಾತ್ರ ಜಾಕ್ ಕೊಟ್ಟು ಎತ್ತಿದಳು. ಆಮೇಲೆ ಬಾಗಿಲು ಹಾಕಲು ಹೋದಳು. ಅದು ಚೌಕಟ್ಟಿಗೆ ಬಡಿದು ವಾಪಸ್ಸು ಬಂತು.

"ನೋಡಿ ಡಾಕ್ಟ್ರೇ, ಮೈಯೇ ತಿರುಚ್ಕೊಳ್ತಿದೆ. ಚಪ್ಪಲಿ ಡಬ್ಬ ಮುಚ್ಚಳ ಇದ್ದಾಗ ಗಟ್ಟಿ, ತೆಗೆದ್ರೆ ಲೊಡಲೊಡ. ಕೆಳಗೆ ಎರಡೂ ಪಕ್ಕಕ್ಕೆ ಉಕ್ಕಿನ ತೊಲೆ, ಮಧ್ಯೆ ಅಡ್ಡಪಟ್ಟಿ ಬೆಸೀತೀನಿ. ಆಗತ್ತೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೆ," ಅಂದರು ಅಪ್ಪ, ಮೂಲೆಯ ಸ್ಟೂಲಿನಿಂದಲೇ. ಶೆಡ್ಡು ಅವರದು, ಆ ಸ್ಟೂಲೇ ಅವರ ಸಿಂಹಾಸನ.

"ಸುಟ್ಟರೆ ಹೋಗಲ್ಲಪ್ಪ. ಬೆಸೆದ್ರೆ ಹೋಗತ್ತೆ," ಅಂದಳು ಮಗಳು.

ಅಪ್ಪನ ಮಂಡಿಗಳು ಸವೆದಿದ್ದವು. ಪಕ್ಕದ ಟೈರಂಗಡಿಯವನು ಶೆಡ್ಡನ್ನು ಬಿಟ್ಟುಕೊಡಿ ಎಂದು ದುಂಬಾಲು ಬಿದ್ದಿದ್ದ. ಅಂದು ಊಟಕ್ಕೆ ಕೂತಾಗ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. "ಈ ಕಾರು ನೆಟ್ಟಗಾಗಿ ಹೋದ್ರೆ ಶೆಡ್ಡು ನಿಂದು. ಇಲ್ಲಾಂದ್ರೆ ಅವನಿಗೆ ಹೂಂ ಅಂತೀನಿ." ಜಗತ್ತಿನಲ್ಲಿ ಸುತ್ತಿಗೆಗೆ ಬೇಕಿದ್ದದ್ದು ಆ ಒಂದು ಶೆಡ್ಡು. ಅಷ್ಟು ಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಕಾರು ಲಿಫ್ಟಿಗೇರಿತು. ಕಿಡಿ ತಾಗಬಾರದೆಂದು ಚಾವಣಿಯನ್ನು ಕಳಚಿ ಹಳೆಯ ಕಂಬಳಿಯಲ್ಲಿ ಸುತ್ತಿ ದೂರವಿಟ್ಟಳು. ತೊಲೆಗಳು ಕೂತವು, ಅಡ್ಡಪಟ್ಟಿ ಕೂತಿತು. ಬೆಸುಗೆ ಅಂದರೆ ಹೀಗಿರಬೇಕು ಎಂದು ಅವಳಿಗೇ ಅನ್ನಿಸಿ, ಕೆಳಗೆ ನಿಂತು ಒಂದು ಗಳಿಗೆ ನೋಡಿದಳು. ಇಳಿಸಿ ಮೂಲೆಗೆ ಜಾಕ್ ಕೊಟ್ಟರೆ ಬಾಗಿಲು ಒಂದೇ ಬೆರಳಿಗೆ ಬಂದು ಕೂತಿತು. ಮೈ ಕಲ್ಲಾಗಿತ್ತು. ಅವಳು ಸಿಳ್ಳೆ ಹಾಕುತ್ತ ಚಾವಣಿ ತಂದಿಟ್ಟಳು. ಮುಂದಿನ ಕೊಕ್ಕೆ ಸಿಕ್ಕಿತು. ಹಿಂದಿನದು ಎಟುಕಲಿಲ್ಲ. ಎರಡು ಬೆಂಕಿಕಡ್ಡಿ ದಪ್ಪದ ಸಂದು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

ಸಿಳ್ಳೆ ನಿಂತಿತು. ಲಿಫ್ಟ್ ಕಾರಿನ ನಡುವನ್ನಷ್ಟೇ ಹಿಡಿದಿತ್ತು. ಮೂತಿಯೂ ಹಿಂಬದಿಯೂ ತಮ್ಮ ಭಾರಕ್ಕೆ ಕೆಳಗೆ ಜೋತುಬಿದ್ದು, ಚಾವಣಿಯ ಜಾಗ ಹಿಗ್ಗಿತ್ತು. ಹಿಗ್ಗಿದ್ದ ಹಾಗೆಯೇ ಅವಳು ಬೆಸೆದು ಗಟ್ಟಿ ಮಾಡಿದ್ದಳು. ಕೆಟ್ಟ ಕೆಲಸವಾಗಿದ್ದರೆ ನೆಲಕ್ಕಿಳಿಸಿದಾಗ ಮೊದಲಿನ ಆಕಾರಕ್ಕೆ ಬರುತ್ತಿತ್ತೋ ಏನೋ. ಇದು ಬರುವುದಿಲ್ಲ, ಅಷ್ಟು ಚೆನ್ನಾಗಿ ಬೆಸೆದಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಟೈರಂಗಡಿಯವನು ಇಣುಕಿದ. "ಅಯ್ಯೋ, ಇಷ್ಟಕ್ಕೆ ತಲೆ ಕೆಡಿಸ್ಕೊಳ್ತಾರೇನಮ್ಮ? ದಪ್ಪ ರಬ್ಬರ್ ಕೊಡ್ತೀನಿ, ಸಂದಿಗೆ ಹಾಕಿ ಕೊಕ್ಕೆ ಎಳೆದುಬಿಡು. ಡಾಕ್ಟ್ರು ಹಲ್ಲಿನ ಸಂದು ನೋಡೋರು, ಇದನ್ನೆಲ್ಲಿ ನೋಡ್ತಾರೆ?"

ಮಾತು ಸಿಹಿಯಾಗಿಯೇ ಇತ್ತು. ರಬ್ಬರು ಹಾಕಿದರೆ ಇವತ್ತೇ ಕಾರು ಹೋಗುತ್ತದೆ, ಶೆಡ್ಡು ಅವಳದಾಗುತ್ತದೆ. ಅಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಅವಳ ಕಿವಿ ಬಿಸಿಯಾಯಿತು. ನಾಚಿಕೆ, ಹೆದರಿಕೆ ಎರಡೂ ಒಟ್ಟಿಗೆ ಬಂದವು. ಆದರೆ ಆ ಸಂದಿನ ಮೇಲೆ ರಬ್ಬರು ಮೆತ್ತಿ ಪಡೆದ ಶೆಡ್ಡಿನಲ್ಲಿ ಮನಸ್ಸು ಬಿಚ್ಚಿ ಸಿಳ್ಳೆ ಹಾಕುವುದು ಹೇಗೆ? ಫೋನೆತ್ತಿಕೊಂಡಳು.

"ಡಾಕ್ಟ್ರೇ, ನಾನು ತಪ್ಪು ಮಾಡಿದೀನಿ. ಹಾಕಿದ್ದನ್ನೆಲ್ಲ ಕಿತ್ತು ಮತ್ತೆ ಹಾಕಬೇಕು. ತಡ ಆಗತ್ತೆ. ಆದ್ರೆ ಆಗತ್ತೆ."

ಆಮೇಲೆ ಗ್ರೈಂಡರ್ ತೆಗೆದುಕೊಂಡು ತನ್ನ ಚೆಂದದ ಬೆಸುಗೆಯನ್ನು ತಾನೇ ಕೊಯ್ದಳು. ಟೈರಂಗಡಿಯವನು ತಲೆ ಆಡಿಸುತ್ತ ಹೋದ.

ಈ ಸಲ ಲಿಫ್ಟ್ ಬೇಡ. ಗಾಡಿಯಡಿ ಇಳಿದು ಕೆಲಸ ಮಾಡಲು ತೋಡಿದ್ದ ಶೆಡ್ಡಿನ ಹಳೆಯ ಗುಂಡಿಯ ಮೇಲೆ ಕಾರನ್ನು ಅದರ ಚಕ್ರಗಳ ಮೇಲೆಯೇ ನಿಲ್ಲಿಸಿ, ಚಾವಣಿ ಕೂರಿಸಿ ಕೊಕ್ಕೆ ಬಿಗಿದು, ಕಿಡಿ ತಾಗದಂತೆ ಅದೇ ಕಂಬಳಿ ಹೊದಿಸಿದಳು. ಬೆಂಕಿಯ ಭಯಕ್ಕೆ ಇಳಿಸಿದ್ದ ಪೆಟ್ರೋಲ್ ಟ್ಯಾಂಕಿನ ಬದಲು ಅಷ್ಟೇ ತೂಕದ ಮರಳಿನ ಚೀಲ ಇಟ್ಟಳು. ಸೀಟುಗಳಿಗೂ ಕೂರುವವರ ತೂಕದ ಚೀಲ ಹೊರಲು ಹೊರಟಾಗ, ಬುತ್ತಿ ತಂದಿದ್ದ ಅಮ್ಮ ಸೆರಗು ಸಿಕ್ಕಿಸಿದರು.

"ಮರಳು ಯಾಕೆ, ನಾವಿಲ್ವಾ? ನನ್ನ ತೂಕಕ್ಕೂ ಒಂದು ಉಪಯೋಗ ಆಗ್ಲಿ. ರೀ, ಬನ್ನಿ."

ಹೀಗೆ ಗಂಡಹೆಂಡತಿ ಆ ಓಟದ ಕಾರಿನಲ್ಲಿ, ಕಾಲಡಿ ಒದ್ದೆ ಗೋಣಿ ಹಾಸಿಕೊಂಡು, ಎಲ್ಲಿಗೂ ಹೋಗದೆ ಕೂತರು. ಗುಂಡಿಯೊಳಗಿಂದ ಮಗಳು ಕೂಗಿದಳು. "ಯಾರೂ ಅಲುಗಾಡಬಾರ್ದು!" ಎಡಕ್ಕೆ ಒಂದು ಚೂರು, ಬಲಕ್ಕೆ ಒಂದು ಚೂರು, ಆರಲು ಬಿಟ್ಟು ಮತ್ತೊಂದು ಚೂರು. ಅಮ್ಮ ಕೂತಲ್ಲೇ ತೂಕಡಿಸಿದರು.

ಅಷ್ಟರಲ್ಲಿ ಟೈರಂಗಡಿಯವನು ಮತ್ತೆ ಬಂದು ಕಿಟಕಿಗೆ ಬಗ್ಗಿದ. "ಏನ್ ಸಾರ್, ಕಾರು ಇನ್ನೂ ಇಲ್ಲೇ ಇದೆ. ಶೆಡ್ಡಿನ ಮಾತು ಮುಗಿಸೋಣ್ವಾ?"

ಅಪ್ಪ ಕತ್ತನ್ನೂ ತಿರುಗಿಸಲಿಲ್ಲ. "ನಾನಿಲ್ಲಿ ಬರೀ ತೂಕ ಕಣಯ್ಯ. ಮಾಲೀಕಳು ಕೆಳಗಿದ್ದಾಳೆ, ಅವಳನ್ನೇ ಕೇಳು."

ಗುಂಡಿಯೊಳಗೆ ಕಿಡಿ ನಿಂತಿತು. ಮುಖದ ಕವಚದೊಳಗೆ ಸುತ್ತಿಗೆಗೆ ಏನೂ ಕಾಣದಾಯಿತು. ಕಣ್ಣೀರು ಎಂದು ಒಪ್ಪಿಕೊಳ್ಳಲು ಅವಳಿಗೆ ತುಸು ಹೊತ್ತು ಬೇಕಾಯಿತು.

"ಕೊಡಲ್ಲ ಅಣ್ಣ," ಅಂದಳು. "ಆ ರಬ್ಬರೂ ಬೇಡ. ಅಪ್ಪಾ, ಮಾತಾಡಬೇಡ, ಅಲುಗಾಡತ್ತೆ."

ಬೆಸುಗೆ ಆರಿತು. ಅವಳು ಚಾವಣಿ ಕಳಚಿ ಮೂಲೆಗೆ ಜಾಕ್ ಕೊಟ್ಟಳು. ಬಾಗಿಲು ಒಂದೇ ಬೆರಳಿಗೆ ಕೂತಿತು. ಜಾಕ್ ಇಳಿಸಿ ಚಾವಣಿ ಇಟ್ಟಳು. ಮುಂದಿನ ಕೊಕ್ಕೆ ಟಕ್, ಹಿಂದಿನ ಕೊಕ್ಕೆ ಟಕ್. ಅಮ್ಮನಿಗೆ ಎಚ್ಚರವಾಯಿತು.

ಅಪ್ಪ ಮಂಡಿ ಹಿಡಿದುಕೊಂಡು ಇಳಿದರು. ಮೂಲೆಯ ಸ್ಟೂಲನ್ನು ಎತ್ತಿಕೊಂಡು ಹೋಗಿ, ಬಾಗಿಲಾಚೆ ಗಿರಾಕಿಗಳು ಕಾಯುವ ಜಾಗದಲ್ಲಿ ಹಾಕಿಕೊಂಡು ಕೂತರು.