ತಾಡಪತ್ರಿಯ ದೊರೆ

"ವಾಲಿದ್ರ ವಾಲ್ಲಿ ಬಿಡಲೇ ಸೂಳೇಮಗನ. ನಿಮ್ಮಪ್ಪ ಏನ್ ಅದರ ಕೆಳಗ ಮಲಗ್ಯಾನೇನು? ಹತ್ತು."

ಸಾವುಕಾರ ಬೈದದ್ದು ಹನುಮೇಶನಿಗೆ. ಕಾರಟಗಿಯ ಆ ರೈಸ್ ಮಿಲ್ಲಿನ ಗೋದಾಮಿನಲ್ಲಿ ಭತ್ತದ ಚೀಲಗಳ ಅಟ್ಟಿ ಮಳೆನೀರು ಕುಡಿದು ಒಂದು ಮಗ್ಗುಲಿಗೆ ವಾಲಿತ್ತು. ಹೋದ ವರ್ಷ ಇಂಥದ್ದೇ ಅಟ್ಟಿ ಕುಸಿದು ಕಲ್ಲೇಶ ಸತ್ತಿದ್ದ. ಚಹಾ ಕುಡಿದು ಹತ್ತುತ್ತೇವೆ ಅಂತ ಹೇಳಿ ನಾವು ಹಮಾಲರೆಲ್ಲ ಹೊರಗೆ ಬಂದೆವು.

ಹೆದರಿಕೆಯಾದರೆ ನನ್ನ ಬಾಯಿ ಜೋರಾಗುತ್ತದೆ. ಗಂಗಾವತಿಯ ಕಾಲೇಜಿನಲ್ಲಿ ಕೇಳಿದ ಚೀನಾದ ಪಾಠವನ್ನೇ ಹೀರೋ ಎಂಟ್ರಿ ಥರ ಶುರು ಮಾಡಿದೆ. ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ಸಾಮ್ರಾಜ್ಯ ಒಡೆದು, ಸೀಮೆಗೊಬ್ಬ ದಂಡನಾಯಕ ತಾನೇ ದೊರೆ ಅಂತ ಕೂತಿದ್ದ. ತೆರಿಗೆ ಅವನದು, ದಂಡು ಅವನದು. ಸಾಯುವ ಕೆಲಸ ಮಾತ್ರ ಸಿಪಾಯಿಗಳದು. ಒಂದು ಮುಂಜಾನೆ ಸಿಪಾಯಿಗಳೇ ತಮ್ಮ ದಳಪತಿಗೆ ಚಕ್ರವರ್ತಿ ಮಾತ್ರ ತೊಡುವ ಹಳದಿ ನಿಲುವಂಗಿ ಹೊದಿಸಿ, ಇನ್ನು ನೀನೇ ದೊರೆ ಅಂದರು. ಹೊದ್ದ ಮೇಲೆ ಬೇಡ ಅನ್ನುವಂತಿಲ್ಲ. ಗೆದ್ದರೆ ಸಿಂಹಾಸನ, ಇಲ್ಲದಿದ್ದರೆ ತಲೆ ಹೋಯಿತು.

"ನಮ್ಮಲ್ಲೂ ಮಿಲ್ಲಿಗೊಬ್ಬ ದೊರಿ ಅದಾನ ತಗೋ," ಅಂದ ಹನುಮೇಶ. "ಪೊಲೀಸರೂ ಅವನ್ನ ಕೇಳೇ ಒಳಗ ಬರ್ತಾರ."

ಎಲ್ಲರೂ ನಕ್ಕರು. ನಗು ಸಿಕ್ಕಿತಲ್ಲ, ನಾನು ಲಾರಿಯ ಮೇಲೆ ಮಳೆಗೆ ಮುಚ್ಚಿದ್ದ ಹಳದಿ ತಾಡಪತ್ರಿಯ ತುಂಡು ಎಳೆದು ನಮ್ಮ ಮೇಸ್ತ್ರಿ ಯಮನೂರಸಾಬ ಚಾಚಾನ ಹೆಗಲಿಗೆ ಹೊದಿಸಿದೆ.

"ಇವತ್ತಿಂದ ನೀನ ದೊರಿ, ಚಾಚಾ. ಹುಕುಂ ಕೊಡು."

ಚಾಚಾ ನಗಲಿಲ್ಲ. ಕಲ್ಲೇಶನನ್ನು ಚೀಲದಡಿಯಿಂದ ಎಳೆದು ತೆಗೆದವನು ಅವನೇ.

"ನಾ ಹೇಳಿದ್ದು ಕೇಳ್ತೀರೇನು? ಎಲ್ಲಾರೂ?"

ಚೀನಾದ ಆ ದಳಪತಿಯೂ ಹೊದಿಸಿದವರನ್ನು ಇದನ್ನೇ ಕೇಳಿದ್ದ. ಆ ಭಾಗ ನಾನು ಇವರಿಗೆ ಹೇಳಿರಲೇ ಇಲ್ಲ. ಒಬ್ಬೊಬ್ಬರಾಗಿ ತಲೆಯಾಡಿಸಿದರು.

"ಹಂಗಾರ ಯಾರೂ ಹತ್ತಬ್ಯಾಡ್ರಿ."

ಸಾವುಕಾರ ಗೋದಾಮಿನ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಗೇಟು ಹಾಕಿಸಿದ. ಬಡಿಗೆ ಕೊಟ್ಟು ನಾಕು ಮಂದಿ ಹುಡುಗರನ್ನು ಕಳಿಸು ಅಂತ ಯಾರಿಗೋ ಫೋನು ಮಾಡಿದ. ಆಮೇಲೆ ನನ್ನ ಕಾಲರ್ ಹಿಡಿದು ಎಳೆದೊಯ್ದು ಅಟ್ಟಿಯ ಬುಡಕ್ಕೆ ತಳ್ಳಿದ.

"ದೊರಿ ಮಾಡಿದಾಂವ ನೀನ ಅಲ್ಲೇನಲೇ, ರಫ್ಯಾ? ನೀನ ಹತ್ತು."

ಸಿನಿಮಾದ ಎಷ್ಟು ಡೈಲಾಗು ನನಗೆ ಬಾಯಿಪಾಠ. ಒಂದೂ ಹೊರಗೆ ಬರಲಿಲ್ಲ. ಮೇಲೆಲ್ಲೋ ಚೀಲ ಹರಿದು ಭತ್ತ ಸರಸರ ಸುರಿಯುತ್ತಿತ್ತು. ಗೇಟಿನಾಚೆ ಆ ಹುಡುಗರ ಜೀಪು ಬಂದು ನಿಂತಿತು. ಹಮಾಲರೆಲ್ಲ ಬಾಗಿಲ ತನಕ ಬಂದು ನನ್ನನ್ನೇ ನೋಡುತ್ತಿದ್ದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ಪ್ಯಾಂಟು ಬಿಸಿಯಾಗಿ ಒದ್ದೆಯಾಯಿತು. ಸಾವುಕಾರ ಒದ್ದ. ಏಳಲಿಲ್ಲ.

ಹನುಮೇಶ ಬಂದು ಆ ಒದ್ದೆಯಲ್ಲೇ ನನ್ನ ಪಕ್ಕ ಕೂತ.