ಇಬ್ಬರಿಗೂ ಅಣ್ಣ

ಮಾನ್ಯ ವಾಚಕರೇ, ತಮ್ಮ ಅಮೂಲ್ಯವಾದ ಕಾಲವನ್ನು ಅಪಹರಿಸುವ ಮುನ್ನ ಒಂದು ಅರಿಕೆ. ಈ ಕಥನದಲ್ಲಿ ಕೊಲೆಯಿಲ್ಲ, ನಿಧಿಯಿಲ್ಲ, ಮುಸುಕುಧಾರಿಯೂ ಇಲ್ಲ. ಆದರೂ ನಾನು ಅಷ್ಟು ಹೆದರಿದ ಬೆಳಗು ನನ್ನ ಜೀವಮಾನದಲ್ಲಿ ಮತ್ತೊಂದಿಲ್ಲ. ಹೆದರಿಸಿದ್ದು ಒಂದು ಅರ್ಜಿ.

ಬೋರ್ಡು ಬರೆಯುವುದು ನನ್ನ ಕಸುಬು. ಆ ಊರಿನಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ತಿಂಗಳಿಂದ ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನ ಮತ್ತು ಆತನ ಹೆಂಡತಿ. ಆತ ಕಾರ್ಖಾನೆಯಲ್ಲಿ ಕನ್ನಡಕದ ಗಾಜು ಉಜ್ಜುವವನಾದ್ದರಿಂದ ಬೀದಿಗೆಲ್ಲ 'ಕನ್ನಡಕ' ಎಂದೇ ಪರಿಚಿತ. ಕೆಲಸ ವಾರಕ್ಕೆ ಮೂರು ದಿನಕ್ಕಿಳಿದ ಮೇಲೆ ಮನೆಸಾಲದ ಕಂತು ತಪ್ಪಿತು. ಒಂದಲ್ಲ, ಐದು.

ಊರಿನ ಅರ್ಧ ಮನೆಗಳ ಪಾಡೂ ಅದೇ ಆಗಿತ್ತು. ಸಾಲ ಕೊಟ್ಟ ಸಂಸ್ಥೆ ಮುಳುಗುವ ಹಂತಕ್ಕೆ ಬಂದಾಗ ಸರ್ಕಾರ ಮೊದಲು ಅದನ್ನೇ ದಡ ಮುಟ್ಟಿಸಿತು. ಆಮೇಲೂ ಅಲ್ಲಿಂದ 'ಈ ಸ್ವತ್ತು ಜಪ್ತಿಯಾಗಿದೆ' ಎಂಬ ಫಲಕಗಳ ಕೆಲಸ ನನಗೆ ಬರುತ್ತಲೇ ಇತ್ತು. ನಮ್ಮ ಬೀದಿಗೇ ಏಳು ಬರೆದಿದ್ದೆ.

ಕಡೆಗೆ ಸಾಲಗಾರರಿಗೂ ಪರಿಹಾರ ಘೋಷಣೆಯಾಯಿತು. ಬಾಕಿ ಕಂತುಗಳನ್ನು ಸರ್ಕಾರವೇ ಕಟ್ಟುವುದು. ಆದರೆ ಮನೆಯಲ್ಲಿ ಮಾಲೀಕರ ಕುಟುಂಬ ಮಾತ್ರ ಇರತಕ್ಕದ್ದು; ಬಾಡಿಗೆ ಬರುವ ಮನೆಗೆ ಬಿಡಿಗಾಸೂ ಇಲ್ಲ. ಅವರ ಅಡುಗೆಮನೆ ನಡೆಯುತ್ತಿದ್ದುದೇ ನನ್ನ ಬಾಡಿಗೆಯಿಂದ. ಕನ್ನಡಕ ಕಣ್ಣು ಮುಚ್ಚಿಕೊಂಡು ಪರಿಹಾರದ ಅರ್ಜಿಯಲ್ಲಿ 'ಬಾಡಿಗೆದಾರರು ಯಾರೂ ಇಲ್ಲ' ಎಂದು ಬರೆದು ಸಹಿ ಹಾಕಿದ.

ಮಂಗಳವಾರ ಬೆಳಿಗ್ಗೆ, ಹೇಳದೆ ಕೇಳದೆ, ಪರಿಹಾರ ಕಚೇರಿಯ ತನಿಖಾಧಿಕಾರಿ ಬಂದ. ಸಣಕಲು ಮನುಷ್ಯ, ತೇಪೆ ಹಾಕಿದ ಚೀಲ. ನೇರವಾಗಿ ಬಚ್ಚಲಿಗೆ ಹೋಗಿ ಹೊರಬಂದ.

"ಮನೇಲಿ ಇಬ್ರು ಅಂತ ಬರ್ದಿದೀರಿ. ಹಲ್ಲುಜ್ಜೋ ಬ್ರಷ್ಷು ಮೂರಿದೆ. ಬೇಜಾರ್ ಮಾಡ್ಕೋಬೇಡಿ, ಹನ್ನೆರಡು ವರ್ಷ ಒಂದು ಕಂತೂ ತಪ್ಪಿಸ್ದೆ ನನ್ನ ಮನೆ ಸಾಲ ತೀರಿಸ್ದೋನು ನಾನು. ಈಗ ನನ್ನ ತೆರಿಗೇಲಿ ನಿಮ್ಮ ಮನೆ ಉಳೀಬೇಕು ಅಂದ್ರೆ, ನೋಡ್ಬೇಕಲ್ವಾ?"

"ಸಂಸ್ಥೆಯೋರಿಗೆ ದುಡ್ಡು ಕೊಡೋವಾಗ್ಲೂ ಬ್ರಷ್ ಎಣಿಸಿದ್ರಾ ಸಾರ್?" ಎಂದಳು ಕನ್ನಡಕನ ಹೆಂಡತಿ.

"ಅಲ್ಲಿಗೆ ನನ್ನನ್ನ ಕಳಿಸ್ಲಿಲ್ಲಮ್ಮ."

ಇದಾವುದೂ ತಿಳಿಯದ ನಾನು ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ಬಿಸಿನೀರಿಗೆಂದು ಮೆಟ್ಟಿಲಿಳಿದೆ.

"ಇವ್ರು ಯಾರು?"

"ನಮ್ಮಣ್ಣ!" ಎಂದರು ಗಂಡಹೆಂಡಿರು, ಒಟ್ಟಿಗೆ, ಒಂದೇ ಉಸಿರಿನಲ್ಲಿ.

ಅಧಿಕಾರಿಯ ಪೆನ್ನು ನಿಂತಿತು. "ಇಬ್ರಿಗೂ ಅಣ್ಣನಾ? ಹಂಗಾದ್ರೆ ನೀವಿಬ್ರು ಅಣ್ಣ-ತಂಗಿ ಆಗ್ಬೇಕಲ್ಲ?"

ಯಾರೂ ನಗಲಿಲ್ಲ. ಹೆಂಡತಿಯ ಮಾತನ್ನು ಉಳಿಸಲು ಕನ್ನಡಕ, "ಭಾವ ಸಾರ್, ಬಾಯ್ತಪ್ಪಿ ಬಂತು," ಎಂದ. ಗಂಡನ ಮಾತನ್ನು ಉಳಿಸಲು ಆಕೆಯೂ ಅದೇ ಗಳಿಗೆಯಲ್ಲಿ, "ಭಾವ, ಭಾವ," ಎಂದಳು. ಆತ ನನ್ನನ್ನು ಆಕೆಯ ಅಣ್ಣನನ್ನಾಗಿ ಮಾಡಿದ. ಆಕೆ ಆತನ ಅಣ್ಣನನ್ನಾಗಿ ಮಾಡಿದಳು. ಮತ್ತೆ ಇಬ್ಬರೂ ಎದುರುಬದುರಾಗಿ ಸಿಕ್ಕಿಬಿದ್ದರು.

"ನೀವೇ ಹೇಳ್ರೀ," ಎಂದು ಅಧಿಕಾರಿ ನನ್ನತ್ತ ತಿರುಗಿದ. "ಸುಳ್ಳು ಹೇಳಿಕೆ ಅಂತಾದ್ರೆ ಪರಿಹಾರಾನೂ ಇಲ್ಲ, ಮೇಲೆ ಕೇಸು ಬೇರೆ. ಯಾರಣ್ಣ ನೀವು?"

ನನ್ನ ಕೆನ್ನೆಯ ನೊರೆ ಒಣಗಿ ಚರ್ಮವನ್ನು ಬಿಗಿಯುತ್ತಿತ್ತು. ಆತನ ಅಣ್ಣ, ಆಕೆಯ ಅಣ್ಣ, ಇಲ್ಲವೇ ಬಾಡಿಗೆದಾರ. ಯಾವುದನ್ನು ನುಡಿದರೂ ಆ ಮನೆ ಹೋಗುವುದು.

"ಹೊರಡೋನು ಸಾರ್ ನಾನು. ಇವತ್ತೇ."

"ನಾ ಕೇಳಿದ್ದು ಅದಲ್ಲ."

"ಗೊತ್ತು ಸಾರ್."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಸಂಜೆ ಐದಕ್ಕೆ ಬಂದು ಮಹಡಿ ನೋಡ್ತೀನಿ. ಕಂಡಿದ್ದನ್ನ ಬರೀತೀನಿ, ಅಷ್ಟೆ."

ಆತ ಬೀದಿಯ ತಿರುವು ದಾಟುವವರೆಗೆ ಮೂವರೂ ಬಾಗಿಲಲ್ಲೇ ನಿಂತು ನೋಡಿದೆವು.

"ಇವ್ರು ಹೋದ್ರೆ ಊಟಕ್ಕೇನು ಮಾಡೋದೇ?" ಎಂದ ಕನ್ನಡಕ. "ಪರಿಹಾರ ಮಂಜೂರಾಗೋಕೆ ಮೂರು ತಿಂಗಳಂತೆ."

"ಮೊದ್ಲು ಮನೆ ಉಳೀಲಿ. ಉಪವಾಸಾನ ಒಳಗೆ ಕೂತು ಮಾಡೋಣ. ನಿಮ್ಮಣ್ಣ ಅಂತ ನಾನು ಹೇಳ್ತಿದ್ದೆ, ನಿಮಗ್ಯಾಕೆ ಆತುರ?"

"ನೀನೇ ತಾನೆ ತವರಿನ ಅಣ್ಣನ್ನ ಹುಟ್ಟಿಸಿದ್ದು!"

ಜಗಳವಾಡುತ್ತಲೇ ಇಬ್ಬರೂ ಮೇಲೆ ಬಂದರು. ನಾನು ನೆಲದ ಮೇಲಿನ ಬಣ್ಣದ ಹನಿಗಳನ್ನು ಬ್ಲೇಡಿನಿಂದ ಕೆರೆದೆ. ಆಕೆ ಸೋಪಿನ ನೀರಿನಿಂದ ಮೂರು ಬಾರಿ ಒರೆಸಿದಳು. ಉಗ್ರಾಣದಂತೆ ತೋರಲೆಂದು ಕನ್ನಡಕ ಮುರಿದ ಕುರ್ಚಿ, ಹಳೆಯ ಹಾಸಿಗೆಗಳನ್ನು ಹೊತ್ತು ತಂದ. ಬಣ್ಣ ಕಲಸುವ ಟರ್ಪೆಂಟೈನ್ ಎಣ್ಣೆಯ ವಾಸನೆ ಮಾತ್ರ ಹೋಗಲೊಲ್ಲದು. ಕಿಟಕಿ ತೆರೆದರು, ಬಟ್ಟೆ ಬೀಸಿದರು. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಮೂವರೂ ಇದ್ದಲ್ಲೇ ಕಲ್ಲಾಗುತ್ತಿದ್ದೆವು.

"ನಾಲ್ಕಕ್ಕೇ ಬಂದ್ಬಿಟ್ರೆ?" ಎಂದು ಆಕೆ ಮತ್ತೆ ಮತ್ತೆ ಕೇಳಿದಳು.

ನಾನು ಕುಂಚಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ಬಟ್ಟೆಗಳನ್ನು ಮೇಲೆ ತುರುಕಿ, ಹಗ್ಗ ಬಿಗಿದೆ.

"ಎಲ್ಲಿಗೆ ಹೋಗ್ತೀರಿ ಅಂತ ಹೇಳ್ಬೇಡಿ," ಎಂದಳು ಆಕೆ. "ಕೇಳಿದ್ರೆ ನಮಗೆ ಗೊತ್ತಿರಬಾರ್ದು."

ನನಗೂ ಗೊತ್ತಿರಲಿಲ್ಲ. ಹಿಂದಿನ ಮೆಟ್ಟಿಲಿಳಿದು ಓಣಿಗೆ ಕಾಲಿಟ್ಟಾಗ ಗಂಟೆ ನಾಲ್ಕೂಕಾಲು. ಮುಂಬಾಗಿಲನ್ನು ಯಾರೋ ಮೆಲ್ಲನೆ, ಎರಡು ಬಾರಿ ತಟ್ಟಿದರು. ಮಹಡಿಯ ಕಿಟಕಿಯಲ್ಲಿ ಬೀಸುತ್ತಿದ್ದ ಬಟ್ಟೆ ತಟ್ಟನೆ ನಿಂತಿತು. ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ನಾನು ಓಡುನಡಿಗೆಯಲ್ಲಿ ನಡೆದೆ. ನಿಲ್ದಾಣದಲ್ಲಿ ಮೊದಲು ಹೊರಟ ಬಸ್ಸನ್ನು, ಅದು ಎಲ್ಲಿಗೆಂದು ಕೇಳದೆ, ಹತ್ತಿದೆ.